ಐರ್ಲೆಂಡ್, ಜರ್ಮನಿ: ಹೋಲಿಸುವಾಗ ಯಾವ ಅಂಕಿ ನೋಡಬೇಕು?

ಎರಡೂ ದೇಶಗಳ ಜೀವನಮಟ್ಟ ಹೋಲಿಸುವುದಾದರೆ ಮೊದಲು ತಲಾ ಜಿಡಿಪಿಯನ್ನು ಪಕ್ಕಕ್ಕಿಡಿ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ. 25ರಷ್ಟು ಜಿಗಿಯಿತು; ಜನರ ಸಂಬಳವೇನೂ ಹಾಗೆ ಏರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಗಳನ್ನು ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ್ದು ಇದಕ್ಕೆ ಮುಖ್ಯ ಕಾರಣ. ಅಲ್ಲಿನ ಅಂಕಿಅಂಶ ಕಚೇರಿಯೇ ಈಗ ಇಂಥ ಉಬ್ಬರವನ್ನು ಕಳೆದ ರಾಷ್ಟ್ರೀಯ ಆದಾಯವನ್ನು 'ಪರಿಷ್ಕೃತ ಜಿಎನ್‌ಐ' ಎಂಬ ಹೆಸರಲ್ಲಿ ಬೇರೆಯಾಗಿ ಕೊಡುತ್ತದೆ.

ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್‌ನ ತಾಣದಲ್ಲಿ ತಲಾ ವಾಸ್ತವ ಬಳಕೆ (ಎಐಸಿ), ಅಂದರೆ ಜನ ನಿಜವಾಗಿ ಬಳಸುವ ಸರಕು, ಸೇವೆಗಳ ಮೌಲ್ಯ, ಹುಡುಕಿ; ಜೊತೆಗೆ ಸರಾಸರಿ ಬಿಟ್ಟು ಮಧ್ಯಾಂಕ ಆದಾಯ, ಅಂದರೆ ಆದಾಯದ ಸಾಲಿನಲ್ಲಿ ನಟ್ಟನಡುವೆ ನಿಲ್ಲುವವರ ಆದಾಯ. ಯೂರೋ ಬದಲು 'ಪಿಪಿಎಸ್' (ದೇಶದೇಶಗಳ ಬೆಲೆ ಸರಿದೂಗಿಸುವ ಲೆಕ್ಕದ ಘಟಕ) ಆರಿಸಿ, ಇಲ್ಲದಿದ್ದರೆ ಬೆಲೆಗಳ ವ್ಯತ್ಯಾಸ ಲೆಕ್ಕಕ್ಕೇ ಬರದು. ಬಳಕೆಯಲ್ಲಿ ಜರ್ಮನಿಯೇ ಮುಂದೆ!

ಆಮೇಲೆ ಸಂಬಳದ ಚೀಟಿ. ಜರ್ಮನಿಯಲ್ಲಿ ಕಡಿತ ಜಾಸ್ತಿ: ಸಾರ್ವಜನಿಕ ಆರೋಗ್ಯ ವಿಮೆಯ ಮೂಲದರವೇ ಶೇ. 14.6, ಅದರಲ್ಲಿ ಅರ್ಧ ಕಂಪನಿಯದು. ಆದರೆ ವೈದ್ಯರ ಬಳಿ ಹೋದಾಗ ಸಾಮಾನ್ಯವಾಗಿ ಜೇಬಿಗೆ ಕೈಹಾಕಬೇಕಿಲ್ಲ. ಐರ್ಲೆಂಡಿನಲ್ಲಿ ಸರ್ಕಾರದ ವೈದ್ಯಕೀಯ ಕಾರ್ಡ್ ಇಲ್ಲದವರಿಗೆ ಒಂದು ಭೇಟಿಗೇ ಸಾಮಾನ್ಯವಾಗಿ 50–70 ಯೂರೋ ಆಗುತ್ತದೆ. ಕೈಗೆ ಬರುವ ಹಣವನ್ನಷ್ಟೇ ಹೋಲಿಸುವವರು ಎಡವುವುದು ಇಲ್ಲೇ.

ಬಾಡಿಗೆ: ಜರ್ಮನ್ ಜಾಹೀರಾತಿನ 'ಕಾಲ್ಟ್‌ಮೀಟೆ'ಯಲ್ಲಿ (ಬರೀ ಮನೆಯ ಬಾಡಿಗೆ) ಹೀಟಿಂಗ್, ನೀರು, ಕಸದ ಖರ್ಚು ಸೇರಿರುವುದಿಲ್ಲ. ಅವೂ ಸೇರಿದ 'ವಾರ್ಮ್‌ಮೀಟೆ' ನೋಡಿ, ಕರೆಂಟ್ ಬಿಲ್ ಸಾಮಾನ್ಯವಾಗಿ ಅದರಾಚೆಗೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಸಿಂಕು, ಕಪಾಟನ್ನೂ ಬಾಡಿಗೆದಾರರೇ ತರಬೇಕು. ಇನ್ನು ಊರಿಗೆ ಊರು ಹೋಲಿಸುವಾಗ, ದುಬಾರಿ ಡಬ್ಲಿನ್ನಿಗೆ ಜೋಡಿ ದುಬಾರಿ ಮ್ಯೂನಿಕ್, ಅಗ್ಗದ ಲೈಪ್‌ಜಿಗ್ ಅಲ್ಲ.