ತೀರ್ಥನ್ ನದಿಗೆ ಕಟ್ಟಿದ ಮಿಡತೆ

ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟಪಡುವ ಟ್ರೌಟ್ ಮೀನಿಗೆ ನಮ್ಮ ಅಘನಾಶಿನಿ ಒಗ್ಗುವಂಥದ್ದಲ್ಲ. ಆದರೂ ಟ್ರೌಟಿಗಾಗಿ ಗಾಳದ ಕೊಕ್ಕೆಗೆ ಹುಸಿ ಮಿಡತೆ ಕಟ್ಟುವುದನ್ನು ನಾನು ಕಲಿತದ್ದು ಶಿರಸಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ. ಮೀನು ಹಿಡಿದದ್ದು ಮಾತ್ರ ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ನದಿಯಲ್ಲಿ. ಹಿಡಿದದ್ದನ್ನು ಅಲ್ಲಿಯೇ ನೀರಿಗೆ ಬಿಡುತ್ತೇನೆಂದು ಹೇಳಿದಾಗ ಅಪ್ಪಯ್ಯ, “ಬಿಡೂದೇ ಆದ್ರೆ ಹಿಡಿಯೂದು ಎಂತಕ್ಕೆ ತಮಾ?” ಎಂದು ಕೇಳಿದ್ದರು. ಅದಕ್ಕೆ ತಕ್ಕ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ಗಾಳದ ಕೊಕ್ಕೆಗೆ ಗರಿ, ದಾರ, ಫೋಮ್ ಸುತ್ತಿ ಮಾಡಿದ, ನೀರಿನ ಮೇಲೆ ತೇಲುವ ಹುಸಿ ಕೀಟಕ್ಕೆ ಡ್ರೈ ಫ್ಲೈ ಎಂದು ಹೆಸರು. ವಿದೇಶಗಳಲ್ಲಿ ಮಿಡತೆಯ ತಲೆಗೆ ಜಿಂಕೆಯ ಕೂದಲನ್ನು ಒತ್ತಾಗಿ ಕಟ್ಟಿ ಕತ್ತರಿಸುವ ರೂಢಿಯಿದೆ. ಕೂದಲಿನೊಳಗಿನ ಗಾಳಿ ಅದನ್ನು ತೇಲಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಆ ದಾರಿಯನ್ನು ಯೋಚಿಸಲೇ ಇಲ್ಲ. ಶಾಲಾಮಕ್ಕಳ ಕರಕುಶಲಕ್ಕೆಂದು ಸ್ಟೇಷನರಿ ಅಂಗಡಿಯಲ್ಲಿ ಮಾರುವ 2 ಮಿ.ಮೀ. ದಪ್ಪದ ಫೋಮ್ ಹಾಳೆಯೇ ಸಾಕಾಯಿತು. ಅದು ನೀರು ಹೀರುವುದಿಲ್ಲ, ಹರಿದರೆ ದುಃಖವೂ ಇಲ್ಲ.

ಮೊದಲು ಕಟ್ಟಿದ ಹತ್ತಾರು ಮಿಡತೆಗಳು ಕೆಟ್ಟವು. 10ನೇ ನಂಬರಿನ ಉದ್ದ ಕಡ್ಡಿಯ ಕೊಕ್ಕೆಗೆ ದಾರದ ಹಾಸು ಹಾಕದೆ ನೇರವಾಗಿ ಫೋಮ್ ಬಿಗಿದದ್ದರಿಂದ ನಾಲ್ಕು ಬಾರಿ ಬೀಸುವುದರೊಳಗೆ ಮೈ ಗಿರ್ರನೆ ತಿರುಗಿ ಹೊಟ್ಟೆ ಮೇಲಾಗುತ್ತಿತ್ತು. ಹೆಚ್ಚು ಬಿಗಿದರೆ ದಾರವೇ ಫೋಮನ್ನು ಕತ್ತರಿಸುತ್ತಿತ್ತು. ಈಗ ಕಡ್ಡಿಯ ಉದ್ದಕ್ಕೂ ದಾರವನ್ನು ಒತ್ತೊತ್ತಾಗಿ ಸುತ್ತಿ, ಒಂದು ಹನಿ ಅಂಟು ಸವರಿ, ಆಮೇಲೆ ಫೋಮ್ ಪಟ್ಟಿಯನ್ನು ಇಟ್ಟು, ಮೊದಲೆರಡು ಸುತ್ತು ಸಡಿಲವಾಗಿಯೂ ನಂತರದವನ್ನು ಕ್ರಮೇಣ ಬಿಗಿಯಾಗಿಯೂ ಹಾಕುತ್ತೇನೆ. ಹಿಂಗಾಲುಗಳಿಗೆ ತೆಳು ರಬ್ಬರ್ ಎಳೆಯಲ್ಲಿ ಒಂದು ಗಂಟು ಹಾಕಿದರೆ ಮೊಣಕಾಲಾಯಿತು. ಕೊರಳಿಗೆ ನಾಟಿ ಹುಂಜದ ಕತ್ತಿನ ಗರಿ, ಕೊನೆಯ ಗಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್.

ಇಷ್ಟಾದರೂ ನೋಡಲು ಸುಂದರವಾಗಿದ್ದ ನನ್ನ ಮಿಡತೆಯನ್ನು ಮೊದಲ ವರ್ಷ ತೀರ್ಥನ್‌ನ ಮೀನುಗಳು ಮೇಲೆ ಬಂದು ನೋಡಿ, ಮುಟ್ಟದೆ ಮರಳಿದವು. ಕಾರಣ ತಿಳಿದದ್ದು ಊರಿಗೆ ಬಂದ ಮೇಲೆ. ಬತ್ತ ತೆನೆಗಟ್ಟುವ ಹೊತ್ತಿನಲ್ಲಿ ಗದ್ದೆಯ ಬದುವಿನಿಂದ ನಿಜವಾದ ಮಿಡತೆಯೊಂದನ್ನು ಹಿಡಿದು ಹಳ್ಳಕ್ಕೆ ಹಾಕಿ ಪಕ್ಕದಲ್ಲಿಯೇ ಕುಳಿತು ನೋಡಿದೆ. ಅದು ‘ಟಪ್’ ಎಂದು ಬಿತ್ತು. ಹೊಟ್ಟೆ ಪೂರ್ತಿ ನೀರಿನೊಳಗೆ, ಬೆನ್ನು ಮಾತ್ರ ಹೊರಗೆ. ಎರಡು ಬಾರಿ ಕಾಲು ಒದ್ದು ಸುಮ್ಮನೆ ತೇಲಿತು, ಮತ್ತೊಮ್ಮೆ ಒದ್ದಿತು. ನನ್ನದೋ ಗರಿಗಳ ತುದಿಯ ಮೇಲೆ ಮಹಾರಾಜನಂತೆ ಎತ್ತರದಲ್ಲಿ ಕುಳಿತಿರುತ್ತಿತ್ತು. ಅಂದೇ ಕೆಳಬದಿಯ ಗರಿಯನ್ನೆಲ್ಲ ಕತ್ತರಿಸಿ ಹಾಕಿದೆ.

ಬೀಸುವ ಅಭ್ಯಾಸಕ್ಕೆ ಅಡಿಕೆ ಒಣಗಿಸುವ ಅಂಗಳವೇ ಸಿಕ್ಕಿತು. ಕೊಕ್ಕೆಯ ಬದಲು ಉಣ್ಣೆಯ ಚೂರೊಂದನ್ನು ಕಟ್ಟಿಕೊಂಡು, ದೂರದಲ್ಲಿ ಹಾಸಿದ ಅಡಿಕೆ ಹಾಳೆಯ ಮೇಲೆ ಬೀಳಿಸುವುದು ಸಂಜೆಯ ಕೆಲಸವಾಯಿತು.

ಪಾಶ್ಚಾತ್ಯ ದೇಶಗಳ ಟ್ರೌಟ್ ಹಳ್ಳಗಳಲ್ಲಿ ಜುಲೈ, ಆಗಸ್ಟ್ ತಿಂಗಳ ಬೇಸಿಗೆಯೇ ಮಿಡತೆಯ ಕಾಲ. ಹಿಮಾಚಲದಲ್ಲಿ ಆಗ ಮಳೆ, ನದಿ ಕೆಂಪು. ನೀರು ತಿಳಿಯಾಗಿ ದಡದ ಹುಲ್ಲು ಒಣಗತೊಡಗುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳೇ ನನಗೆ ಹೊಂದಿದವು. ನವೆಂಬರ್ 1ರಿಂದ ಅಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧ. ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಎರಡನೆಯ ಸಲ ಹೋದೆ.

ಬೆಳಗಿನ ಚಳಿಯಲ್ಲಿ ಮಿಡತೆ ಹಾರುವುದಿಲ್ಲವಾದ್ದರಿಂದ ಬಿಸಿಲೇರಿ ಗಾಳಿ ಏಳುವವರೆಗೆ ಕಾಯಬೇಕು. ಬೀಸುವ ದಪ್ಪ ದಾರದ ಮುಂದೆ ಒಂಬತ್ತು ಅಡಿಯ ಲೀಡರ್ ಎಂಬ ತೆಳು ಎಳೆ, ಅದರ ತುದಿಗೆ ಸುಮಾರು 0.18 ಮಿ.ಮೀ. ದಪ್ಪದ ಎಳೆ. ನದಿಯ ನಡುವಿಗೆ ಬೀಸುವ ಆಸೆಯನ್ನು ಬಿಟ್ಟು, ಹುಲ್ಲು ಬಾಗಿದ ದಡದಿಂದ ಒಂದು ಗೇಣು ಈಚೆಗೆ, ಬೇಕೆಂದೇ ಸ್ವಲ್ಪ ಸದ್ದಾಗುವಂತೆ ಬೀಳಿಸಿದೆ. ಬೇರೆ ಸಣ್ಣ ಕೀಟಗಳನ್ನು ಮೆಲ್ಲಗೆ ಇಳಿಸಬೇಕು, ಮಿಡತೆಗೆ ಆ ನಾಜೂಕು ಬೇಡ. ಹರಿವಿನ ಜೊತೆ ಅದು ತಾನಾಗಿ ಸಾಗಲಿ ಎಂದು ದಾರವನ್ನು ಸಡಿಲವಾಗಿಟ್ಟು, ಒಮ್ಮೆ ಮಾತ್ರ ಕೋಲಿನ ತುದಿಯನ್ನು ಅದುರಿಸಿದೆ. ಕಂದು ಟ್ರೌಟ್ ಬಾಯಿ ತೆರೆದು ಬಂತು. ಕಂಡೊಡನೆ ಎಳೆದರೆ ಕೊಕ್ಕೆ ಬಾಯಿಂದ ಜಾರುತ್ತದೆಂದು ಹಿಂದಿನ ದಿನವೇ ಮೂರು ಮೀನು ಕಳೆದುಕೊಂಡು ಕಲಿತಿದ್ದೆ. ‘ರಾಮ’ ಎಂದು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು, ಮೀನು ತಲೆ ಕೆಳಗೆ ಮಾಡಿದ ಮೇಲೆ ಕೋಲೆತ್ತಿದೆ.

ಮೊಳಕ್ಕಿಂತ ಚಿಕ್ಕ ಮೀನು, ಮೈಮೇಲೆ ಕೆಂಪು ಚುಕ್ಕೆ. ಮುಳ್ಳಿಲ್ಲದ ಕೊಕ್ಕೆಯಾದ್ದರಿಂದ ನೀರಿನಿಂದ ಎತ್ತದೆಯೇ ಬಿಡಿಸಿ ಬಿಟ್ಟೆ. ಮಿಡತೆಯ ಎಡಗಾಲು ಹರಿದುಹೋಗಿತ್ತು. ಬದಲಾಯಿಸುವ ಸೋಮಾರಿತನದಿಂದ ಅದನ್ನೇ ಮತ್ತೆ ಬೀಸಿದರೆ, ಸಂಜೆಯೊಳಗೆ ಇನ್ನೆರಡು ಮೀನು ಅದಕ್ಕೇ ಎದ್ದವು. ಈಗ ನನ್ನ ಡಬ್ಬಿಯಲ್ಲಿ ಒಂಟಿ ಕಾಲಿನ ಮಿಡತೆಗಳಿಗೂ ಒಂದು ಸಾಲು ಇದೆ.