ಎರಡು ನಿಮಿಷದ ಡೆಮೊ, ಹತ್ತು ಗಂಟೆಯ ದನಿ

ನಾನು ಬಹಳ ವರ್ಷ ಕರಡು ತಿದ್ದುವ ಕೆಲಸ ಮಾಡಿದವಳು. ಒಬ್ಬರು ಮೂಲ ಪ್ರತಿಯನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯಲ್ಲಿ ತಪ್ಪು ಹಿಡಿಯಬೇಕು. ಓದುವ ಪಾಳಿ ಯಾವಾಗಲೂ ನನ್ನದೇ. "ಅವನು ಬಂದ ಅಲ್ಪವಿರಾಮ ಕೂತ ಪೂರ್ಣವಿರಾಮ" ಅಂತ ಚಿಹ್ನೆಗಳನ್ನೂ ಸೇರಿಸಿ ಗಂಟೆಗಟ್ಟಲೆ ಓದುತ್ತಿದ್ದೆ. ಹಾಗಾಗಿ ಒಂದು ಕಡೆ ಆಡಿಯೋಬುಕ್‌ಗೆ ದನಿ ಬೇಕಾಗಿದೆ, ಡೆಮೊ ಕಳಿಸಿ ಅಂದಾಗ ಇದೇನು ಮಹಾ ಅಂದುಕೊಂಡೆ. ಖಾಲಿ ಕೋಣೆಯ ನಡುವೆ ನಿಂತು ಫೋನಿನಲ್ಲಿ ಓದಿ ಕಳಿಸಿದೆ. "ಬಾವಿಗೆ ಇಳಿದು ಓದಿದ್ರಾ?" ಅಂತ ಉತ್ತರ ಬಂತು.

ಎರಡನೇ ಸಲ ಹಟಕ್ಕೆ ಬಿದ್ದೆ. ಒಂದೊಂದು ವಾಕ್ಯವನ್ನೂ ಹತ್ತು ಹದಿನೈದು ಸಲ ಓದಿ, ಚೆನ್ನಾಗಿ ಬಂದಿದ್ದನ್ನು ಆರಿಸಿ ಜೋಡಿಸಿದೆ. ಡೆಮೊ ಮೆಚ್ಚುಗೆಯಾಯಿತು. "ಇದೇ ಥರ ಹತ್ತು ಪುಟ ಓದಿ ಕಳಿಸಿ" ಅಂದರು. ಅಲ್ಲಿಗೆ ಬಂತು ಫಜೀತಿ. ಮೂರನೇ ಪುಟಕ್ಕೆ ದನಿ ಇಳಿದುಹೋಗಿತ್ತು, ಐದನೇ ಪುಟದಲ್ಲಿ ಬೇರೆ ಯಾರೋ ಓದುತ್ತಿದ್ದ ಹಾಗಿತ್ತು. ಕೆಲಸ ಸಿಗಲಿಲ್ಲ. ಡೆಮೊದಲ್ಲಿದ್ದ ಓದುಗಿ ನಾನಾಗಿರಲೇ ಇಲ್ಲ ಅಲ್ವಾ!

ಆಡಿಯೋಬುಕ್ ಅಂದರೆ ಹತ್ತು ಗಂಟೆಯ ಮಾತು. ಡೆಮೊ ಅದರಿಂದ ಹರಿದುಕೊಟ್ಟ ಒಂದು ತುಂಡು. ನಾಳೆಯೂ ನಾಡಿದ್ದೂ ಅದೇ ಕುರ್ಚಿಯಲ್ಲಿ ಕೂತು ಹಾಗೇ ಓದಲು ಆಗುತ್ತದೆ ಅನ್ನುವಂಥದ್ದನ್ನು ಮಾತ್ರ ಡೆಮೊಗೆ ಹಾಕಿ. ಕೆಳಗೆ ಹೇಳುವುದೆಲ್ಲ ಈ ಲೆಕ್ಕದಲ್ಲೇ.

ಮೊದಲು ಕೋಣೆ, ಆಮೇಲೆ ಮೈಕ್

ಹೊಸಬರೆಲ್ಲ ಮೊದಲು ಕೇಳುವುದು ಯಾವ ಮೈಕ್ ಅಂತ. ಒಳ್ಳೆಯ ಮೈಕ್ ಕೆಟ್ಟ ಕೋಣೆಯನ್ನು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ಒಂದು ಬಾಲ ಕೇಳಿಸಿದರೆ ಅಲ್ಲಿ ಓದಬೇಡಿ. ಬರೀ ಗೋಡೆ, ಗಾಜು, ಟೈಲ್ಸ್ ಇರುವ ಕಡೆ ದನಿ ಚೆಂಡಿನ ಹಾಗೆ ಪುಟಿಯುತ್ತದೆ. ಬಟ್ಟೆ, ಹಾಸಿಗೆ, ದಿಂಬು ತುಂಬಿರುವ ಕಡೆ ಅದು ಹೀರಿಹೋಗುತ್ತದೆ. ನಾನು ಈಗ ಓದುವುದು ಬಟ್ಟೆಯ ಬೀರು ಬಾಗಿಲು ತೆರೆದಿಟ್ಟು, ಅದರತ್ತ ಮುಖ ಮಾಡಿ.

ಒಂದು ವಿಷಯ ನನಗೆ ತಡವಾಗಿ ತಿಳಿಯಿತು. ಹೆಚ್ಚಿನ ಮೈಕ್‌ಗಳು ಕಾರ್ಡಿಯಾಯ್ಡ್ ಜಾತಿಯವು. ಮುಂದಿನದನ್ನು ಜಾಸ್ತಿ ಕೇಳುತ್ತವೆ, ಬೆನ್ನ ಹಿಂದಿನದನ್ನು ಕಡಿಮೆ. ಮೈಕಿನ ಮುಂದೆ ಇರುವುದು ನೀವು, ನಿಮ್ಮ ಹಿಂದೆ ಇರುವುದು ಗೋಡೆ. ಅಂದರೆ ಮೈಕ್ ನೇರವಾಗಿ ನೋಡುತ್ತಿರುವುದು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು! ಹಾಗಾಗಿ ದಪ್ಪ ಕಂಬಳಿಯನ್ನು ಮೊದಲು ನಿಮ್ಮ ಹಿಂದೆ ನೇತುಹಾಕಿ. ಎರಡನೆಯದು ಇದ್ದರೆ ಪಕ್ಕಕ್ಕೆ, ಮೂರನೆಯದು ಮೇಜಿನ ಮೇಲೆ. ಮೇಜಿನಿಂದಲೂ ದನಿ ಪುಟಿದು ಮೈಕಿಗೆ ಬರುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ನಿರಿ, ಅದರಿಂದ ಹೆಚ್ಚೇನೂ ಆಗುವುದಿಲ್ಲ. ತೆಳು ಫೋಮ್ ಕೂಡ ಕೀಚಲು ಪ್ರತಿಧ್ವನಿಯನ್ನಷ್ಟೇ ಹೀರುತ್ತದೆ, ದನಿಯ ಗುಂಯ್‌ಗುಡುವ ಕೆಳಭಾಗ ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಹೊರಗಿನ ಸದ್ದು ನಿಲ್ಲುವುದಿಲ್ಲ. ಕಂಬಳಿ ಪ್ರತಿಧ್ವನಿಗೆ ಮದ್ದು, ಲಾರಿಯ ಹಾರ್ನ್‌ಗೆ ಅಲ್ಲ. ಅದಕ್ಕೆ ಇರುವ ಮದ್ದು ಹೊತ್ತು. ಒಂದು ದಿನ ಬೇರೆ ಬೇರೆ ಸಮಯದಲ್ಲಿ ಐದೈದು ನಿಮಿಷ ಮೈಕ್ ಆನ್ ಮಾಡಿ ಸುಮ್ಮನೆ ಕೂರಿ. ಯಾವ ಹೊತ್ತು ನಿಮ್ಮದು ಅಂತ ತಿಳಿಯುತ್ತದೆ. ಫ್ಯಾನ್, ಗೋಡೆ ಗಡಿಯಾರ, ಕಿರುಗುಟ್ಟುವ ಕುರ್ಚಿ, ಬಳೆ, ಸರಬರ ಅನ್ನುವ ಬಟ್ಟೆ ಎಲ್ಲಕ್ಕೂ ರಜೆ ಕೊಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಫ್ರಿಜ್ ಆಫ್ ಮಾಡುವುದಾದರೆ ಮನೆಯ ಬೀಗದ ಕೈಯನ್ನು ಫ್ರಿಜ್ ಒಳಗೇ ಇಟ್ಟುಬಿಡಿ, ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಓದಬೇಡಿ. ಹೊಟ್ಟೆಯ ಗುರ್ ಸದ್ದನ್ನೂ ಮೈಕ್ ಬಿಡುವುದಿಲ್ಲ. ನಾನು ಮಡಿಲಲ್ಲಿ ಒಂದು ದಿಂಬು ಅವುಚಿಕೊಂಡು ಓದುತ್ತೇನೆ, ನೋಡಿದವರು ನಗುತ್ತಾರೆ.

ಇನ್ನು ಮೈಕ್. ಡೆಮೊಗೆ ಕಂಪ್ಯೂಟರಿಗೆ ನೇರವಾಗಿ ಚುಚ್ಚುವ ಯುಎಸ್‌ಬಿ ಮೈಕ್ ಸಾಕು. ಕೋಣೆ ಅಷ್ಟೇನೂ ನಿಶ್ಶಬ್ದವಲ್ಲ ಅಂದರೆ ಡೈನಮಿಕ್ ಮೈಕ್ ನೋಡಿ. ಅದಕ್ಕೆ ಹತ್ತಿರ ಕೂತು ಓದುವುದರಿಂದ ದೂರದ ಸದ್ದು ಅಷ್ಟಾಗಿ ಬೀಳುವುದಿಲ್ಲ. ಕಂಡೆನ್ಸರ್ ಮೈಕ್ ಸೂಕ್ಷ್ಮ, ದನಿಯ ಎಳೆಎಳೆ ಹಿಡಿಯುತ್ತದೆ, ಪಕ್ಕದ ಮನೆಯ ಜಗಳವನ್ನೂ ಹಿಡಿಯುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ದೂರ ಇರಲಿ. ತೀರಾ ಹತ್ತಿರ ಹೋದರೆ ದನಿ ದಪ್ಪಗಾಗುತ್ತದೆ. ಕೇಳಲು ಗತ್ತು ಅನಿಸಿದರೂ ಒಂದಿಷ್ಟು ತಲೆ ಆಡಿಸಿದರೆ ಬದಲಾಗಿಬಿಡುತ್ತದೆ. ಪ, ಬ, ಫ, ಭ ಬಂದಾಗ ಬಾಯಿಂದ ಗಾಳಿ ನುಗ್ಗಿ ಮೈಕಿಗೆ ಗುದ್ದುತ್ತದೆ. ಅದಕ್ಕೆ ಪಾಪ್ ಫಿಲ್ಟರ್, ಅಂದರೆ ಮೈಕಿನ ಮುಂದೆ ನಿಲ್ಲಿಸುವ ತೆಳು ಪರದೆ ಬೇಕು. ಜೊತೆಗೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಡಿ. ಕೇಳುವುದಕ್ಕೆ ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಇರಲಿ.

ಏನನ್ನು ಓದುವುದು

ಒಂದೂವರೆ ಎರಡು ನಿಮಿಷದ ಮೂರು ತುಣುಕು ಮಾಡಿ. ಸಂಭಾಷಣೆ ಇರುವ ಕತೆಯೊಂದು, ಮಾಹಿತಿ ಹೇಳುವ ಬರಹವೊಂದು, "ನಾನು" ಅಂತ ಶುರುವಾಗುವ ಅನುಭವ ಕಥನವೊಂದು. ಮೂರನ್ನೂ ಬೇರೆ ಬೇರೆ ಫೈಲ್ ಮಾಡಿ. ಮಕ್ಕಳ ಕತೆಗೆ ಓದುವವರು ಬೇಕು ಅಂದವರಿಗೆ ಅರ್ಥಶಾಸ್ತ್ರದ ಪಾಠ ಕೇಳಿಸಿ ಏನು ಉಪಯೋಗ? ಬೇರೆಯವರ ಪುಸ್ತಕ ಓದುವುದಾದರೆ ಅನುಮತಿ ಬೇಕು. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿ ಹುಡುಕಿ. ಆ ಅವಧಿ ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ, ನೋಡಿಕೊಳ್ಳಿ. ಇಲ್ಲವೇ ನೀವೇ ಒಂದು ಪುಟ ಬರೆಯಿರಿ. ಆದರೆ ನಿಮ್ಮ ಬಾಯಿಗೆ ಒಗ್ಗುವ ಹಾಗೆ ಬರೆದುಕೊಳ್ಳಬೇಡಿ. ಪುಸ್ತಕ ಬರೆಯುವವರು ಯಾರೂ ನಮ್ಮ ಬಾಯಿ ನೋಡಿ ಬರೆಯುವುದಿಲ್ಲ.

ಅಳುವ, ಕಿರುಚುವ ದೃಶ್ಯ ಬೇಡ. ನಾನು ನನ್ನ ಎರಡನೇ ಡೆಮೊಗೆ ಆರಿಸಿದ್ದು ಅಂಥದ್ದೇ. ಪುಸ್ತಕದಲ್ಲಿ ಬಹುಪಾಲು ಯಾರೋ ಬಾಗಿಲು ತೆರೆಯುತ್ತಾರೆ, ನಡೆಯುತ್ತಾರೆ, ಯೋಚಿಸುತ್ತಾರೆ. ಆ ಸಾದಾ ಪುಟವನ್ನು ಬೇಸರ ತರಿಸದೆ ಓದಬಲ್ಲಿರಾ ಅಂತ ಡೆಮೊ ಕೇಳುವವರು ನೋಡುತ್ತಾರೆ.

ಓದು

ಮೈಕಿನ ಮುಂದೆ ಕೂರುವ ಮೊದಲು ಪೆನ್ಸಿಲ್ ಹಿಡಿದು ಎರಡು ಸಲ ಓದಿ. ಉಸಿರು ಎಲ್ಲಿ ಎಳೆಯಬೇಕು ಅಲ್ಲಿ ಗೆರೆ ಹಾಕಿ. ಸಂಭಾಷಣೆಯ ಪಕ್ಕದಲ್ಲಿ ಯಾರ ಮಾತು ಅಂತ ಬರೆಯಿರಿ. ಕನ್ನಡದಲ್ಲಿ "ಎಂದಳು ಅಜ್ಜಿ ಪಿಸುದನಿಯಲ್ಲಿ" ಅನ್ನುವುದು ಸಾಮಾನ್ಯವಾಗಿ ಮಾತು ಮುಗಿದ ಮೇಲೆ ಬರುತ್ತದೆ. ಮೊದಲೇ ನೋಡಿರದಿದ್ದರೆ ಅಜ್ಜಿಯ ಪಿಸುಮಾತನ್ನು ನೀವು ಆಗಲೇ ಕೂಗಿ ಮುಗಿಸಿರುತ್ತೀರಿ. ಅಂಕಿಗಳನ್ನು ಹೇಗೆ ಹೇಳುತ್ತೀರಿ ಅಂತಲೂ ಮೊದಲೇ ತೀರ್ಮಾನಿಸಿ. 1850 ಅನ್ನುವುದನ್ನು ಒಂದು ಕಡೆ ಸಾವಿರದ ಎಂಟುನೂರ ಐವತ್ತು, ಇನ್ನೊಂದು ಕಡೆ ಹದಿನೆಂಟುನೂರ ಐವತ್ತು ಅಂದರೆ ಕಿವಿಗೆ ಚುಚ್ಚುತ್ತದೆ.

ಹೊಸಬರ ಡೆಮೊಗಳಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ವಾಕ್ಯದ ಕೊನೆಯಲ್ಲಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದೇ ಕಟ್ಟಕಡೆಗೆ. ಯಾರು, ಯಾವಾಗ, ಹೌದೋ ಅಲ್ಲವೋ ಎಲ್ಲ ಅಲ್ಲೇ ಕೂತಿರುತ್ತದೆ. ಉಸಿರು ಮುಗಿಯುವುದೂ ಅಲ್ಲೇ. "ಅವನು ಬಾಗಿಲು ತೆಗೆಯಲಿಲ್ಲ" ಅನ್ನುವುದರಲ್ಲಿ ಕೊನೆಯ "ಲಿಲ್ಲ" ನುಂಗಿಹೋದರೆ ಕತೆಯೇ ತಿರುಗಿಬೀಳುತ್ತದೆ. ಹಾಗಾಗಿ ಉದ್ದ ವಾಕ್ಯದಲ್ಲಿ ಕ್ರಿಯಾಪದಕ್ಕೆ ಸ್ವಲ್ಪ ಮುಂಚೆ ಒಂದು ಚಿಕ್ಕ ಉಸಿರು ಕದಿಯಿರಿ. ಕೊನೆಯ ಸ್ವರದವರೆಗೂ ದನಿ ಹಿಡಿದಿಡಿ. ಪಾತ್ರದ ಮಾತಿನಲ್ಲಿ "ಹೋಗ್ತೀನಿ" ಅನ್ನಿ, ಬರೆದಿದ್ದು ಹಾಗಿದ್ದರೆ. ನಿರೂಪಣೆಯಲ್ಲಿ "ಹೋಗುತ್ತೇನೆ" ಅಂತ ಬರೆದಿದ್ದನ್ನು ಬಾಯಿ ತಾನಾಗಿ ಮೊಟಕು ಮಾಡಬಾರದು. ಅ ಕಾರ, ಹ ಕಾರ ಅದಲುಬದಲಾಗುವ ಅಭ್ಯಾಸ ಇದ್ದರೆ, ಳ ಇರುವಲ್ಲಿ ಲ ಬರುತ್ತಿದ್ದರೆ ಆ ಪದಗಳಿಗೆ ಪೆನ್ಸಿಲ್ ಸುತ್ತು ಹಾಕಿ. ಹಾಗಂತ ಮಹಾಪ್ರಾಣಗಳನ್ನು ವೇದಿಕೆಯ ಭಾಷಣದ ಹಾಗೆ ಒತ್ತಿ ಉಗುಳುವುದೂ ಬೇಡ. ಮೈಕಿಗೆ ಅಷ್ಟು ಉಸಿರು ಬೇಕಿಲ್ಲ.

ಪಾತ್ರಗಳಿಗೆ ದನಿ ಬದಲಿಸುವ ವಿಷಯ. ಗಂಡಸಿನ ಮಾತಿಗೆ ನಾನು ಗಂಟಲು ದಪ್ಪ ಮಾಡುತ್ತಿದ್ದೆ, ಎರಡು ಪುಟಕ್ಕೆ ಗಂಟಲು ಕೂತುಹೋಗುತ್ತಿತ್ತು. ಈಗ ವೇಗ ಮತ್ತು ಧಾಟಿ ಮಾತ್ರ ಬದಲಿಸುತ್ತೇನೆ. ಒಬ್ಬ ನಿಧಾನಿ, ಇನ್ನೊಬ್ಬಳು ಮಾತು ಕತ್ತರಿಸುವವಳು. ಅಷ್ಟು ಸಾಕು, ಕೇಳುಗರಿಗೆ ಗೊತ್ತಾಗುತ್ತದೆ.

ನೀರನ್ನು ಓದುವ ಹೊತ್ತಿಗಲ್ಲ, ಎರಡು ಗಂಟೆ ಮೊದಲಿನಿಂದಲೇ ಕುಡಿಯುತ್ತಿರಿ. ಬಾಯಿ ಒಣಗಿದ್ದರೆ ಚಟ್ ಚಟ್ ಅನ್ನುವ ಸದ್ದು ಪದಪದಕ್ಕೂ ಅಂಟಿಕೊಳ್ಳುತ್ತದೆ. ಹಾಳೆ ತಿರುವುವ ಸದ್ದು ತಪ್ಪಿಸಲು ಪರದೆಯಲ್ಲಿ ಓದಿ. ಪರದೆ ಕಣ್ಣಿನ ಎತ್ತರದಲ್ಲಿರಲಿ, ತಲೆ ಬಗ್ಗಿಸಿದರೆ ದನಿಯೂ ಬಗ್ಗುತ್ತದೆ.

ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಉಸಿರು ತೆಗೆದುಕೊಂಡು, ವಾಕ್ಯದ ಮೊದಲಿನಿಂದ ಓದಿ. ಆ ಚಪ್ಪಾಳೆ ವೇವ್‌ಫಾರ್ಮ್‌ನಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ದನಿಯ ಚಿತ್ರದಲ್ಲಿ, ಮೊಳೆ ಹೊಡೆದ ಹಾಗೆ ಎದ್ದು ಕಾಣುತ್ತದೆ, ಆಮೇಲೆ ಕತ್ತರಿಸುವುದು ಸುಲಭ. ಎರಡು ನಿಮಿಷದ ತುಣುಕಿನಲ್ಲಿ ನಾಲ್ಕೈದು ಚಪ್ಪಾಳೆ ಪರವಾಗಿಲ್ಲ. ಇಪ್ಪತ್ತಾದರೆ ಆ ಬರಹ ನಿಮಗೆ ಇನ್ನೂ ಒಗ್ಗಿಲ್ಲ, ಬೇರೆ ಆರಿಸಿ.

ತಿದ್ದು, ಅಳತೆ

ರೆಕಾರ್ಡ್ ಮಾಡಿ ತಿದ್ದಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ, ಇಷ್ಟು ಕೆಲಸಕ್ಕೆ ಧಾರಾಳ ಸಾಕು. ಮೋನೋ, 44.1 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ನೀವು ಜೋರಾಗಿ ಓದುವ ಸಾಲನ್ನು ಓದಿ ನೋಡಿ ಗೇನ್, ಅಂದರೆ ಮೈಕ್ ದನಿಯನ್ನು ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದನ್ನು, ಹೊಂದಿಸಿ. ಮೀಟರ್ -12ರಿಂದ -6 ಡೆಸಿಬೆಲ್ ನಡುವೆ ಏರಬೇಕು. ಸೊನ್ನೆ ಮುಟ್ಟಿದರೆ ದನಿ ಹರಿದುಹೋಗುತ್ತದೆ, ಅದನ್ನು ಆಮೇಲೆ ಹೊಲಿಯುವುದು ಕಷ್ಟ. ಶುರುವಿನಲ್ಲಿ ಹತ್ತು ಸೆಕೆಂಡ್ ಮಾತಿಲ್ಲದೆ ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅಂತಾರೆ. ಕೆಮ್ಮು ಕತ್ತರಿಸಿದ ಜಾಗಕ್ಕೆ ಇದನ್ನೇ ತೇಪೆ ಹಾಕಿ. ಪೂರ್ತಿ ಮೌನ ಹಾಕಿದರೆ ಯಾರೋ ಸ್ವಿಚ್ ಆರಿಸಿದ ಹಾಗೆ ಕೇಳಿಸುತ್ತದೆ.

ಅಳತೆಗೆ ಎಸಿಎಕ್ಸ್ ಅನ್ನುವ ಅಮೆಜಾನ್‌ನ ಆಡಿಯೋಬುಕ್ ವೇದಿಕೆಯ ನಿಯಮವನ್ನೇ ಗುರಿಯಾಗಿ ಇಟ್ಟುಕೊಳ್ಳಿ, ನೀವು ಕಳಿಸುವುದು ಬೇರೆ ಕಡೆಗಾದರೂ ಸರಿ. ಆರ್‌ಎಂಎಸ್ ಅಂದರೆ ಸರಾಸರಿ ಜೋರು -23ರಿಂದ -18 ಡೆಸಿಬೆಲ್ ಒಳಗಿರಬೇಕು. ಪೀಕ್, ಅಂದರೆ ಅತಿ ಜೋರಾದ ತುದಿ, -3 ದಾಟಬಾರದು. ಮಾತಿಲ್ಲದ ಜಾಗದ ಸದ್ದು -60ಕ್ಕಿಂತ ಕೆಳಗಿರಬೇಕು. ಆಡಾಸಿಟಿಯಲ್ಲಿ ನಾನು ಮಾಡುವುದು ಮೂರೇ ಕೆಲಸ. ಫಿಲ್ಟರ್ ಕರ್ವ್‌ನಲ್ಲಿ ಕೆಳಗಿನ ಗುಂಯ್ ಸದ್ದು ತೆಗೆಯುವುದು, ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಆರ್‌ಎಂಎಸ್ -20ಕ್ಕೆ ತರುವುದು, ಜೋರಾದ ತುದಿಗಳನ್ನು ತಡೆಯುವ ಲಿಮಿಟರ್ -3.5ಕ್ಕೆ ಇಡುವುದು. ಇದೇ ಕ್ರಮದಲ್ಲಿ.

ನಾಯ್ಸ್ ರಿಡಕ್ಷನ್ ಬಟನ್ ಕೈ ಬೀಸಿ ಕರೆಯುತ್ತದೆ, ಹೋಗಬೇಡಿ. ಒಮ್ಮೆ ನಾನು ಫ್ಯಾನ್ ಸದ್ದು ಅಳಿಸಲು ಹೋಗಿ ನೀರಿನಡಿ ಓದಿದ ಹಾಗೆ ಮಾಡಿಕೊಂಡಿದ್ದೆ. ಬಾವಿಯಿಂದ ಮೇಲೆ ಬಂದೆ ಅಂದುಕೊಂಡರೆ ಮತ್ತೆ ಬಾವಿಗೆ! ಸದ್ದು -60ಕ್ಕಿಂತ ಮೇಲಿದ್ದರೆ ಫ್ಯಾನ್ ಆರಿಸಿ ಮತ್ತೆ ಓದುವುದೇ ಕಡಿಮೆ ಕೆಲಸ. ಉಸಿರನ್ನೂ ಎಲ್ಲ ಕತ್ತರಿಸಬೇಡಿ. ಏದುಸಿರು ಮಾತ್ರ ತಗ್ಗಿಸಿ. ಹಿನ್ನೆಲೆ ಸಂಗೀತ ಬೇಡವೇ ಬೇಡ, ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ತಿದ್ದಿದ್ದನ್ನು ಅವತ್ತೇ ಕಳಿಸಬೇಡಿ. ಮರುದಿನ ಹಾಳೆ ಎದುರಿಗಿಟ್ಟುಕೊಂಡು ಹೆಡ್‌ಫೋನ್‌ನಲ್ಲಿ ಕೇಳಿ. ಕರಡು ತಿದ್ದುವವಳ ಹಳೆ ಚಾಳಿ ಇದು, ನಿನ್ನೆಯ ಕಿವಿಗೆ ಬೀಳದ ತಪ್ಪು ಇವತ್ತಿನ ಕಿವಿಗೆ ಬೀಳುತ್ತದೆ. ಬೇರೆಯವರ ಕಿವಿ ಬೇಕು ಅನಿಸಿದರೆ ಲಿಬ್ರಿವಾಕ್ಸ್ ಇದೆ. 2005ರಿಂದ ಸ್ವಯಂಸೇವಕರು ಅಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದುತ್ತಿದ್ದಾರೆ. ಹೊಸಬರಿಂದ ಒಂದು ನಿಮಿಷದ ಪರೀಕ್ಷಾ ರೆಕಾರ್ಡಿಂಗ್ ತೆಗೆದುಕೊಂಡು ತಾಂತ್ರಿಕ ತಪ್ಪು ಹೇಳುತ್ತಾರೆ.

ಕಳಿಸುವುದು ಎಂಪಿ3, 192 ಕೆಬಿಪಿಎಸ್. ಮೂಲ ವೇವ್ ಫೈಲ್ ನಿಮ್ಮ ಹತ್ತಿರ ಇರಲಿ. ಫೈಲಿನ ಹೆಸರಲ್ಲಿ ನಿಮ್ಮ ಹೆಸರು, ಯಾವ ಬಗೆಯ ಬರಹ ಅಂತ ಇರಲಿ. "ಫೈನಲ್ 7 ಹೊಸದು" ಅಂತ ಹೆಸರಿಟ್ಟು ಕಳಿಸಿದವಳು ನಾನು. ತುಣುಕಿನ ಶುರುವಿಗೆ ಹೆಸರು, ಬರಹದ ಬಗೆ ಒಂದೇ ಸಾಲಲ್ಲಿ ಹೇಳಿ ನೇರ ಓದಿಗೆ ಇಳಿಯಿರಿ.

ಮೈಕ್ ಬಿಚ್ಚುವ ಮೊದಲು ಅದು ನಿಂತ ಜಾಗ, ಕಂಬಳಿ, ಕುರ್ಚಿ ಎಲ್ಲ ಸೇರಿಸಿ ಒಂದು ಫೋಟೋ ತೆಗೆಯಿರಿ. ಗೇನ್ ಎಷ್ಟಿತ್ತು ಅಂತ ಬರೆದಿಡಿ. ಕುರ್ಚಿಯ ಕಾಲು ಇದ್ದ ಕಡೆ ನೆಲಕ್ಕೆ ಟೇಪ್ ಅಂಟಿಸಿ. "ಹತ್ತು ಪುಟ ಓದಿ ಕಳಿಸಿ" ಅಂತ ಮುಂದಿನ ವಾರ ಫೋನ್ ಬಂದಾಗ ಅದೇ ಜಾಗದಲ್ಲಿ, ಅದೇ ದೂರದಲ್ಲಿ ಕೂರಬೇಕಲ್ಲ.