ಹೆದ್ದಾರಿ ಕಾಮಗಾರಿ ಮುಗಿಯುತ್ತಿಲ್ಲವೇ? ಲೆಕ್ಕ ಕೇಳುವುದು ಹೀಗೆ

ಚಿತ್ರದುರ್ಗದಿಂದ ಹಾವೇರಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವವರಿಗೆ ಹೆಬ್ಬಾಳು ಮತ್ತು ಚಳಗೇರಿ ಟೋಲ್‌ಗಳು ಗೊತ್ತೇ ಇವೆ. ನಾಲ್ಕು ಪಥದ ರಸ್ತೆಯನ್ನು ಆರು ಪಥ ಮಾಡುವ ಕೆಲಸ ಇಲ್ಲಿ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಹಾಗೆ ತಡವಾದ ಅವಧಿಗೆ ಟೋಲ್ ಪಡೆಯುವಂತಿಲ್ಲ ಎಂದು 2013ರಲ್ಲಿ ತಿದ್ದುಪಡಿಯಾದ ಶುಲ್ಕ ನಿಯಮ ಹೇಳುತ್ತದೆ. ಆದರೂ ವಸೂಲಿ ನಿಲ್ಲಲಿಲ್ಲ. ಈ ಎರಡು ಟೋಲ್‌ಗಳಲ್ಲೂ ಆಂಧ್ರದ ನಾತವಲಸದಲ್ಲೂ ಸೇರಿ ₹124.18 ಕೋಟಿಯನ್ನು ನಿಯಮ ಮೀರಿ ಸಂಗ್ರಹಿಸಲಾಗಿದೆ ಎಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಹೇಳಿತು. ಆ ವರದಿ ಸಂಸತ್ತಿನ ಮುಂದೆ ಬಂದದ್ದು 2023ರಲ್ಲಿ. ಅಷ್ಟರೊಳಗೆ ಲಾರಿಯವರು, ಬಸ್ಸಿನವರು, ಕಾರಿನವರು ಎಲ್ಲರೂ ದುಡ್ಡು ಕಟ್ಟಿ ಆಗಿತ್ತು.

ಸಿಎಜಿಗೆ ಈ ಲೆಕ್ಕ ಸಿಕ್ಕಿದ್ದು ಕಡತಗಳಿಂದ. ಹೆದ್ದಾರಿ ಕೆಲಸದ ವಿಳಂಬ ತಾನಾಗಿಯೇ ಆಗುವುದಿಲ್ಲ. ಪ್ರತಿ ಸಲ ಗಡುವು ಮುಂದೆ ಹೋದಾಗಲೂ ಒಂದು ಆದೇಶ ಇರುತ್ತದೆ, ಅದರಲ್ಲಿ ಕಾರಣ ಇರುತ್ತದೆ, ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ಆ ಕಾಗದ ಕೈಯಲ್ಲಿಲ್ಲದೆ ಎಷ್ಟು ಧರಣಿ ಕೂತರೂ ಸಿಗುವುದು ‘ಶೀಘ್ರದಲ್ಲೇ ಪೂರ್ಣಗೊಳ್ಳಲಿದೆ’ ಎಂಬ ಉತ್ತರವೇ. ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಅರ್ಜಿ ಹಾಕಿ ಆ ಕಾಗದ ತರಿಸಿಕೊಳ್ಳುವುದು ಸಾಮಾನ್ಯ ನಾಗರಿಕರಿಗೂ ಸಾಧ್ಯ, ಖರ್ಚೂ ಹೆಚ್ಚಿಲ್ಲ.

ಮೊದಲು, ರಸ್ತೆ ಯಾರದ್ದೆಂದು ಖಚಿತ ಮಾಡಿಕೊಳ್ಳಿ

ಅರ್ಜಿಗಳು ಹಾದಿ ತಪ್ಪುವುದು ಇಲ್ಲೇ. ಕಿಲೋಮೀಟರ್ ಕಲ್ಲಿನ ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಆದರೆ ಹಳದಿ ಕಲ್ಲು ಇದ್ದ ಮಾತ್ರಕ್ಕೆ ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದೆ ಎಂದಲ್ಲ. ನಮ್ಮ ರಾಜ್ಯದ ಎಷ್ಟೋ ರಾಷ್ಟ್ರೀಯ ಹೆದ್ದಾರಿಗಳ ಕೆಲಸವನ್ನು ಲೋಕೋಪಯೋಗಿ ಇಲಾಖೆಯ (ಪಿಡಬ್ಲ್ಯುಡಿ) ರಾಷ್ಟ್ರೀಯ ಹೆದ್ದಾರಿ ವಿಭಾಗ ಮಾಡಿಸುತ್ತದೆ. ದುಡ್ಡು ಕೇಂದ್ರದ್ದು, ಎಂಜಿನಿಯರ್ ರಾಜ್ಯದವರು. ಒಂದೇ ಹೆದ್ದಾರಿಯ ಒಂದು ತುಂಡು ಪ್ರಾಧಿಕಾರದ್ದು, ಮುಂದಿನ ತುಂಡು ಪಿಡಬ್ಲ್ಯುಡಿಯದ್ದು ಆಗಿರುವುದೂ ಉಂಟು.

ಕಾಮಗಾರಿ ಸ್ಥಳದ ಫಲಕದಲ್ಲಿ ಗುತ್ತಿಗೆದಾರರ ಹೆಸರು, ಮೊತ್ತ, ಆರಂಭ ಮತ್ತು ಮುಕ್ತಾಯದ ದಿನಾಂಕ ಇದ್ದರೆ ಫೋಟೊ ತೆಗೆದುಕೊಳ್ಳಿ. ಫಲಕ ಇಲ್ಲದಿದ್ದರೆ ಅದನ್ನೂ ಬರೆದಿಡಿ, ಮುಂದೆ ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಬಹಳ ಮುಖ್ಯ. ಕಚೇರಿಯ ಕಡತಗಳೆಲ್ಲ ನಡೆಯುವುದು ಆ ಸಂಖ್ಯೆಯ ಮೇಲೆ. ‘ಇಂಥವರ ಪೆಟ್ರೋಲ್ ಬಂಕ್ ಎದುರು’ ಎಂದು ಬರೆದರೆ ‘ಸ್ಥಳ ಸ್ಪಷ್ಟವಿಲ್ಲ’ ಎಂದು ಅರ್ಜಿ ವಾಪಸ್ ಬರಬಹುದು.

ಜೀವಕ್ಕೆ ಅಪಾಯವಿದ್ದರೆ ಆರ್‌ಟಿಐವರೆಗೆ ಕಾಯಬೇಡಿ

ಮಾಹಿತಿ ಹಕ್ಕಿಗೆ ತಿಂಗಳು ಬೇಕು. ಗುಂಡಿಯೋ ಕತ್ತಲ ಡೈವರ್ಶನ್ನೋ ಅಷ್ಟು ದಿನ ಸುಮ್ಮನಿರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಇರುವ ಸಹಾಯವಾಣಿ ಅದು. ಜತೆಗೆ ‘ರಾಜಮಾರ್ಗಯಾತ್ರಾ’ ಆ್ಯಪ್‌ನಲ್ಲಿ ಸ್ಥಳ ದಾಖಲಾಗುವಂತೆ ಫೋಟೊ ಸಹಿತ ದೂರು ಹಾಕಿ. ದೂರು ಸಂಖ್ಯೆಯನ್ನು ಜೋಪಾನವಾಗಿಡಿ. ನಾಳೆ ಅಲ್ಲೇ ಅಪಘಾತವಾಗಿ ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂದು ಯಾರಾದರೂ ಹೇಳಿದರೆ ಆ ಸಂಖ್ಯೆಯೇ ಉತ್ತರ.

ಸ್ಥಳವನ್ನು ನೋಡಬೇಕಾದ ಹೊತ್ತು ರಾತ್ರಿ. ಕಾಮಗಾರಿ ನಡೆಯುವ ಜಾಗದಲ್ಲಿ ಸಂಚಾರ ಹೇಗಿರಬೇಕು ಎನ್ನಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಕೆಲಸದ ಜಾಗಕ್ಕೆ ಸಾಕಷ್ಟು ಮೊದಲೇ ಎಚ್ಚರಿಕೆ ಫಲಕ ಬರಬೇಕು, ಆಮೇಲೆ ವಾಹನಗಳನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸುವ ಭಾಗ, ನಂತರ ಕೆಲಸದ ಜಾಗ, ಕೊನೆಗೆ ಮತ್ತೆ ಮೂಲ ಪಥಕ್ಕೆ ಸೇರಿಸುವ ಭಾಗ. ಬ್ಯಾರಿಕೇಡ್‌ಗಳು ಹೆಡ್‌ಲೈಟ್ ಬಿದ್ದರೆ ಹೊಳೆಯಬೇಕು, ರಾತ್ರಿ ಮಿನುಗುವ ದೀಪ ಇರಬೇಕು. ನಮ್ಮ ಹೆದ್ದಾರಿಗಳಲ್ಲಿ ಕಾಣುವುದೇನು? ಸುಣ್ಣ ಬಳಿದ ನಾಲ್ಕು ಕಲ್ಲು, ಮಣ್ಣು ತುಂಬಿದ ಡಾಂಬರು ಡ್ರಮ್ಮು, ಅದಕ್ಕೆ ಸಿಕ್ಕಿಸಿದ ಒಣಗಿದ ಮರದ ಕೊಂಬೆ. ಅದರ ಹಿಂದೆ ಆಳುದ್ದದ ಅಗೆತ. ಎಂಬತ್ತರ ವೇಗದಲ್ಲಿ ಬರುವ ಬೈಕಿನವನಿಗೆ ಕೊಂಬೆ ಕಾಣುವ ಹೊತ್ತಿಗೆ ಹೊರಳಲು ಜಾಗವೇ ಇರುವುದಿಲ್ಲ. ಇದು ಬ್ಯಾರಿಕೇಡ್ ಅಲ್ಲ, ಗುತ್ತಿಗೆಯ ಸುರಕ್ಷತಾ ಷರತ್ತಿನ ಉಲ್ಲಂಘನೆ. ಚಾಲಕನ ಕಣ್ಣಿಗೆ ಕಾಣುವಷ್ಟೇ ಎತ್ತರದಿಂದ, ಹೆಡ್‌ಲೈಟ್ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಇನ್ನೊಬ್ಬರು ವಾಹನ ಓಡಿಸಲಿ, ನೀವು ಕ್ಯಾಮೆರಾ ಹಿಡಿಯಿರಿ.

ಈ ಫೋಟೊಗಳ ಜತೆ ಜಿಲ್ಲಾಧಿಕಾರಿಗೆ ಒಂದು ಪತ್ರ ಬರೆಯಿರಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ‘ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ನಡಾವಳಿಯ ಪ್ರತಿ ಕೊಡಿ’ ಎಂದು ಸ್ಪಷ್ಟವಾಗಿ ಕೇಳಿ. ನಡಾವಳಿಯಲ್ಲಿ ಬರೆದದ್ದನ್ನು ಮುಂದಿನ ಸಭೆಯಲ್ಲಿ ಯಾರಾದರೂ ಕೇಳಲೇಬೇಕಾಗುತ್ತದೆ.

ಹುಬ್ಬಳ್ಳಿ–ಧಾರವಾಡ ಬೈಪಾಸ್ ನೆನಪಿಸಿಕೊಳ್ಳಿ. ಹಿಂದೆ ಮುಂದೆ ಅಗಲವಾದ ಹೆದ್ದಾರಿ, ನಡುವೆ ಸುಮಾರು 30 ಕಿ.ಮೀ. ಮಾತ್ರ ಎರಡೇ ಪಥದ ರಸ್ತೆ. ಅಗಲ ಮಾಡಿ ಎಂದು ಜನ ವರ್ಷಗಟ್ಟಲೆ ಕೇಳಿದ್ದರು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹನ್ನೊಂದು ಮಂದಿ ಸತ್ತರು. ಷಟ್ಪಥದ ಕಾಮಗಾರಿ ಬಂದದ್ದು ಅದಾದ ಮೇಲೆ. ಅಪಾಯ ಎಲ್ಲರಿಗೂ ಗೊತ್ತಿದ್ದ ರಸ್ತೆಯಲ್ಲಿ ಅಷ್ಟು ಜೀವ ಹೋಗುವವರೆಗೆ ಕಾದದ್ದು ಅಕ್ಷಮ್ಯ.

ಹತ್ತು ರೂಪಾಯಿಯ ಅರ್ಜಿ

ಪ್ರಾಧಿಕಾರದ ರಸ್ತೆಯಾದರೆ ಅರ್ಜಿ ಹೋಗಬೇಕಾದದ್ದು ನಿಮ್ಮ ಭಾಗದ ಯೋಜನಾ ಅನುಷ್ಠಾನ ಘಟಕದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಚಿತ್ರದುರ್ಗ, ಧಾರವಾಡ, ಮಂಗಳೂರಿನಲ್ಲಿ ಇಂಥ ಕಚೇರಿಗಳಿವೆ. ಪಿಡಬ್ಲ್ಯುಡಿಯಾದರೆ ಆ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಕಳುಹಿಸಿ. ತಪ್ಪು ಕಚೇರಿಗೆ ಹೋದರೂ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರ ಹೊಣೆ, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(3) ಅದನ್ನೇ ಹೇಳುತ್ತದೆ.

ಶುಲ್ಕ ₹10. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕೇಂದ್ರದ ಕಚೇರಿ ಎಂದು ಇಂಗ್ಲಿಷಿಗಾಗಿ ತಡಕಾಡಬೇಕಿಲ್ಲ. ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದೆಂದು ಕಾಯ್ದೆಯೇ ಹೇಳಿರುವುದರಿಂದ ಕನ್ನಡದಲ್ಲೇ ಬರೆಯಿರಿ. ಒಂದು ಎಚ್ಚರ: ರಾಜ್ಯದ ಕಚೇರಿಗೆ ಬರೆಯುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು ಎಂಬುದು ಕರ್ನಾಟಕದ ನಿಯಮ. ಕೇಂದ್ರದಲ್ಲಿ 500 ಪದದವರೆಗೆ ಅವಕಾಶವಿದೆ.

‘ಕೆಲಸ ಯಾಕೆ ತಡವಾಗಿದೆ?’ ಎಂದು ಕೇಳಬೇಡಿ. ‘ಯಾಕೆ’ ಎಂದರೆ ಅಭಿಪ್ರಾಯ ಕೇಳಿದಂತಾಗುತ್ತದೆ, ಅದಕ್ಕೆ ಉತ್ತರ ಕೊಡಬೇಕಿಲ್ಲ ಎಂದು ಜಾರಿಕೊಳ್ಳುತ್ತಾರೆ. ದಾಖಲೆ ಕೇಳಿ. ಉದಾಹರಣೆಗೆ ಹೀಗೆ:

‘ರಾಷ್ಟ್ರೀಯ ಹೆದ್ದಾರಿ ___ರ ಕಿ.ಮೀ. ___ರಿಂದ ___ವರೆಗಿನ ಕಾಮಗಾರಿಗೆ ಸಂಬಂಧಿಸಿ: ಗುತ್ತಿಗೆ ಒಪ್ಪಂದದಲ್ಲಿನ ಆರಂಭದ ಮತ್ತು ಮುಕ್ತಾಯದ ದಿನಾಂಕ ಇರುವ ಪುಟಗಳ ಪ್ರತಿ. ಈವರೆಗೆ ನೀಡಿದ ಎಲ್ಲ ಕಾಲಾವಧಿ ವಿಸ್ತರಣೆ ಆದೇಶಗಳ ಪ್ರತಿ. ವಿಳಂಬಕ್ಕಾಗಿ ಗುತ್ತಿಗೆದಾರರಿಗೆ ವಿಧಿಸಿದ ಮತ್ತು ವಸೂಲಿ ಮಾಡಿದ ದಂಡದ ವಿವರ. ಕಳೆದ ಆರು ತಿಂಗಳ ಮಾಸಿಕ ಪ್ರಗತಿ ವರದಿಗಳು. ರಸ್ತೆ ಸುರಕ್ಷತಾ ಆಡಿಟ್ ವರದಿ ಮತ್ತು ಅದರ ಮೇಲೆ ಕೈಗೊಂಡ ಕ್ರಮದ ವರದಿ. ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ.’

ಇಷ್ಟು ಸಾಕು. ದೋಷ ಹೊಣೆಗಾರಿಕೆ ಅವಧಿ ಎಂದರೆ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ದುರಸ್ತಿ ಮಾಡಿಕೊಡಬೇಕಾದ ಅವಧಿ. ಪ್ರಶ್ನೆ ಹೆಚ್ಚಾದಷ್ಟೂ ಹಾರಿಕೆ ಉತ್ತರಕ್ಕೆ ಜಾಗ ಹೆಚ್ಚು.

ಪ್ರತಿಗೆ ಪುಟಕ್ಕೆ ₹2. ಕಡತ ದಪ್ಪವಿದ್ದರೆ ಕಡತ ಪರಿಶೀಲನೆಯನ್ನೇ ಕೇಳಿ. ಕೇಂದ್ರದ ಕಚೇರಿಗಳಲ್ಲಿ ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ ₹5. ಇನ್ನೂ ಒಂದು ಹಕ್ಕು ಬಹಳ ಮಂದಿಗೆ ತಿಳಿದಿಲ್ಲ: ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ಹೊಸ ಡಾಂಬರು ಒಂದೇ ಮಳೆಗೆ ಕಿತ್ತುಬಂದ ಊರಿನವರು ಇದನ್ನು ಬಳಸಲೇಬೇಕು.

ಒಪ್ಪಂದದ ಪ್ರತಿ ಕೇಳಿದಾಗ ‘ವಾಣಿಜ್ಯ ಗೋಪ್ಯತೆ’ ಎಂದು ಸೆಕ್ಷನ್ 8(1)(ಡಿ) ತೋರಿಸಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬೇಕೆಂದು ಅದೇ ಕಾಯ್ದೆಯ 8(2) ಹೇಳುತ್ತದೆ. ಗೋಪ್ಯ ಭಾಗ ಬಿಟ್ಟು ಉಳಿದದ್ದನ್ನು ಕೊಡಲು ಸೆಕ್ಷನ್ 10 ಇದೆ. ಈ ಎರಡನ್ನೂ ಮೇಲ್ಮನವಿಯಲ್ಲಿ ಬರೆಯಿರಿ.

ವಿಸ್ತರಣೆ ಆದೇಶವನ್ನು ಓದುವುದು

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಆದೇಶದಲ್ಲಿ ಕಾರಣದ ಸಾಲು ಹುಡುಕಿ. ಭೂಸ್ವಾಧೀನ ಆಗಿಲ್ಲ, ವಿದ್ಯುತ್ ಕಂಬ ಸ್ಥಳಾಂತರ ಆಗಿಲ್ಲ, ಮರ ಕಡಿಯಲು ಅರಣ್ಯ ಇಲಾಖೆ ಅನುಮತಿ ಬಂದಿಲ್ಲ, ಮೇಲ್ಸೇತುವೆಗೆ ರೈಲ್ವೆ ಒಪ್ಪಿಗೆ ಬಾಕಿ, ಇಲ್ಲವೇ ಗುತ್ತಿಗೆದಾರರ ಬಳಿ ಹಣವಿಲ್ಲ, ಯಂತ್ರವಿಲ್ಲ. ಮೊದಲ ನಾಲ್ಕು ಬಗೆಯಲ್ಲಿ ತಪ್ಪು ಸರ್ಕಾರದ ಕಡೆಯದು. ಆಗ ಗುತ್ತಿಗೆದಾರರಿಗೆ ದಂಡವಿಲ್ಲದೆ ಸಮಯ ಸಿಗುತ್ತದೆ, ಎಷ್ಟೋ ಸಲ ಹೆಚ್ಚುವರಿ ಹಣವೂ ಸಿಗುತ್ತದೆ. ಕೊನೆಯದಾದರೆ ದಂಡ ಬೀಳಲೇಬೇಕು.

ಹೊರಗೆ ಕೇಳಿಬರುವುದೇ ಬೇರೆ. ಕೇಂದ್ರದವರು ‘ರಾಜ್ಯ ಜಮೀನು ಕೊಡಲಿಲ್ಲ’ ಎನ್ನುತ್ತಾರೆ, ರಾಜ್ಯದವರು ‘ಪ್ರಾಧಿಕಾರ ಪರಿಹಾರದ ಹಣ ಹಾಕಲಿಲ್ಲ’ ಎನ್ನುತ್ತಾರೆ, ಇಬ್ಬರೂ ಸೇರಿ ಗುತ್ತಿಗೆದಾರರ ಕಡೆ ಬೆರಳು ತೋರಿಸುತ್ತಾರೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಗೆ ಸುಮಾರು ಒಂದು ದಶಕ ಹಿಡಿಯಿತು, 2020ರ ಜನವರಿ 31ರಂದು ಅದು ಸಂಚಾರಕ್ಕೆ ತೆರೆಯುವಷ್ಟರಲ್ಲಿ ಎಷ್ಟು ಗಡುವುಗಳು ಬಂದು ಹೋದವೆಂದು ಕರಾವಳಿಯವರನ್ನೇ ಕೇಳಬೇಕು. ಆದೇಶದ ಪ್ರತಿ ಕೈಯಲ್ಲಿದ್ದರೆ ಈ ಮಾತುಗಳಲ್ಲಿ ಯಾವುದು ನಿಜ ಎಂದು ತಿಳಿಯುತ್ತದೆ. ಭೂಸ್ವಾಧೀನ ಎಂದಿದ್ದರೆ ಮುಂದಿನ ಅರ್ಜಿಯನ್ನು ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಗೆ ಹಾಕಿ: ಪರಿಹಾರದ ಹಣ ಪ್ರಾಧಿಕಾರದಿಂದ ಯಾವಾಗ ಬಂತು, ರೈತರಿಗೆ ಯಾವಾಗ ಸಂದಿತು? ಎರಡು ಕಚೇರಿಗಳ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಕಡತ ಎಲ್ಲಿ ನಿಂತಿತ್ತು ಎಂದು ಗೊತ್ತಾಗುತ್ತದೆ.

ಮಾಸಿಕ ಪ್ರಗತಿ ವರದಿಯನ್ನೂ ಬಿಡಬೇಡಿ. ಕೆಲಸದ ಮೇಲೆ ನಿಗಾ ಇಡಲು ನೇಮಿಸಿದ ಸಲಹೆಗಾರ ಎಂಜಿನಿಯರ್ ಬರೆಯುವ ವರದಿ ಅದು. ‘ಸುರಕ್ಷತಾ ವ್ಯವಸ್ಥೆ ಸಮರ್ಪಕವಾಗಿದೆ’ ಎಂದು ಅವರು ಬರೆದ ತಿಂಗಳಲ್ಲೇ ನೀವು ತೆಗೆದ ರಾತ್ರಿಯ ಫೋಟೊ ಇದ್ದರೆ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಪ್ರಾದೇಶಿಕ ಅಧಿಕಾರಿಗೆ ಕಳುಹಿಸಿ.

ಕಾಗದ ಕೈಗೆ ಬಂದ ಮೇಲೆ

ಸಂಸದರ ಅಧ್ಯಕ್ಷತೆಯ ‘ದಿಶಾ’ ಸಭೆಯಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನೆ ನಡೆಯುತ್ತದೆ, ಅದಕ್ಕೆ ಮೊದಲೇ ಅವರ ಕಚೇರಿಗೆ ಪ್ರತಿ ತಲುಪಿಸಿ. ಲೋಕಸಭೆಯಲ್ಲಿ ಪ್ರಶ್ನೆ ಕೇಳುವಂತೆಯೂ ಕೋರಬಹುದು. ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ 21 ದಿನದೊಳಗೆ ವಿಲೇವಾರಿಯಾಗಬೇಕು ಎಂಬ ಸೂಚನೆ ಇದೆ. ಉತ್ತರ ಸಮಾಧಾನ ತರದಿದ್ದರೆ ಅಲ್ಲೇ ಮೇಲ್ಮನವಿ ಹಾಕಿ.

ಟೋಲ್ ಕಟ್ಟುವ ರಸ್ತೆಯಾದರೆ ನಿಮ್ಮ ಕೈ ಇನ್ನೂ ಬಲವಾಗಿದೆ. ಕೇರಳದ ತ್ರಿಶ್ಶೂರ್ ಜಿಲ್ಲೆಯ ಪಾಲಿಯೆಕ್ಕರ ಟೋಲ್‌ನಲ್ಲಿ ಆದದ್ದೇ ಸಾಕ್ಷಿ. ಅಂಡರ್‌ಪಾಸ್ ಕಾಮಗಾರಿ, ಹದಗೆಟ್ಟ ಸರ್ವಿಸ್ ರಸ್ತೆ, ಗಂಟೆಗಟ್ಟಲೆ ವಾಹನದ ಸಾಲು. 2025ರ ಆಗಸ್ಟ್ 6ರಂದು ಕೇರಳ ಹೈಕೋರ್ಟ್ ಅಲ್ಲಿ ಟೋಲ್ ವಸೂಲಿಯನ್ನೇ ತಡೆಯಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋದರೆ ಅಲ್ಲಿಯೂ ಮೇಲ್ಮನವಿ ವಜಾ ಆಯಿತು. ಅಕ್ಟೋಬರ್‌ವರೆಗೆ ಟೋಲ್ ಬಂದ್ ಇತ್ತು. ನ್ಯಾಯಾಲಯಕ್ಕೆ ಹೋಗುವ ಯೋಚನೆಯಿದ್ದರೆ ಟೋಲ್ ರಸೀದಿ, ಫಾಸ್ಟ್ಯಾಗ್ ವಿವರ ಎತ್ತಿಡಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು.

ಅಪಘಾತವೇ ಆಗಿಬಿಟ್ಟರೆ

ಪೊಲೀಸ್ ದೂರಿನಲ್ಲಿ ಚಾಲಕನ ಅಜಾಗರೂಕತೆ ಒಂದನ್ನೇ ಬರೆಸಿ ಸುಮ್ಮನಾಗಬೇಡಿ. ಫಲಕವಿಲ್ಲದ ಡೈವರ್ಶನ್, ತೆರೆದ ಅಗೆತ, ದೀಪವಿಲ್ಲದ ಬ್ಯಾರಿಕೇಡ್ ಕಾರಣವಾಗಿದ್ದರೆ ಅದನ್ನು ದೂರಿನಲ್ಲೇ ಬರೆಯಿರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 198ಎ ಸೇರಿಸಲು ಲಿಖಿತವಾಗಿ ಕೇಳಿ. 2019ರ ತಿದ್ದುಪಡಿಯಲ್ಲಿ ಬಂದ ಈ ಸೆಕ್ಷನ್ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪ್ರಾಧಿಕಾರ, ಗುತ್ತಿಗೆದಾರ ಯಾರೇ ಆದರೂ ₹1 ಲಕ್ಷದವರೆಗೆ ದಂಡ ತೆರಬೇಕು. ಒಂದು ಜೀವಕ್ಕೆ ಇದು ಏನೇನೂ ಅಲ್ಲ, ನೂರಾರು ಕೋಟಿಯ ಗುತ್ತಿಗೆಗೆ ಹೊರೆಯೂ ಅಲ್ಲ. ಈ ಮಿತಿ ಏರಲೇಬೇಕು. ಆದರೆ ರಸ್ತೆ ಕಟ್ಟಿದವರ ಹೆಸರು ಪ್ರಕರಣದೊಳಗೆ ಬರಲು ಇದು ದಾರಿ ಮಾಡಿಕೊಡುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ. ಸ್ಥಳದ ಫೋಟೊ ಮಾತ್ರ ಅದೇ ದಿನ ಆಗಬೇಕು. ಅಪಘಾತವಾದ ಮರುದಿನವೇ ಹೊಸ ಬ್ಯಾರಿಕೇಡ್ ಬಂದು ನಿಲ್ಲಬಹುದು.

ಮೂವತ್ತು ದಿನ ಕಳೆದರೂ ಉತ್ತರವಿಲ್ಲವೇ?

ಮುಂದಿನ 30 ದಿನದೊಳಗೆ ಅದೇ ಸಂಸ್ಥೆಯ ಮೊದಲ ಮೇಲ್ಮನವಿ ಪ್ರಾಧಿಕಾರಿಗೆ ಬರೆಯಿರಿ. ತಡವಾಗಿ ಕೊಟ್ಟ ಮಾಹಿತಿಗೆ ಪುಟದ ಶುಲ್ಕ ಕೇಳುವಂತಿಲ್ಲ ಎಂದು ಸೆಕ್ಷನ್ 7(6) ಹೇಳುತ್ತದೆ, ಅದನ್ನು ಉಲ್ಲೇಖಿಸಿ. 45 ದಿನದೊಳಗೆ ಅಲ್ಲಿಯೂ ತೀರ್ಮಾನವಾಗದಿದ್ದರೆ 90 ದಿನದೊಳಗೆ ಎರಡನೇ ಮೇಲ್ಮನವಿ: ಪ್ರಾಧಿಕಾರದ ವಿರುದ್ಧವಾದರೆ ಕೇಂದ್ರ ಮಾಹಿತಿ ಆಯೋಗಕ್ಕೆ, ಪಿಡಬ್ಲ್ಯುಡಿ ವಿರುದ್ಧವಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆ ದಂಡ ಹೋಗುವುದು ಅಧಿಕಾರಿಯ ಸ್ವಂತ ಜೇಬಿನಿಂದ. ‘ಸೆಕ್ಷನ್ 20ರ ಪ್ರಕಾರ ದಂಡ ವಿಧಿಸಬೇಕು’ ಎಂಬ ಕೋರಿಕೆಯನ್ನು ಮೇಲ್ಮನವಿಯ ಕೊನೆಯಲ್ಲಿ ತಪ್ಪದೆ ಬರೆಯಿರಿ. ಜತೆಗೆ ಮೂಲ ಅರ್ಜಿ, ₹10ರ ರಸೀದಿ, ಅಂಚೆ ಸ್ವೀಕೃತಿ, ಮೊದಲ ಮೇಲ್ಮನವಿ ಇವುಗಳ ಪ್ರತಿಗೆಲ್ಲ ಸಹಿ ಹಾಕಿ, ಪುಟ ಸಂಖ್ಯೆ ಕೊಟ್ಟು ಲಗತ್ತಿಸಿ. ಲಗತ್ತು ಸರಿಯಿಲ್ಲ ಎಂಬ ಕಾರಣಕ್ಕೇ ಮೇಲ್ಮನವಿಗಳು ವಾಪಸ್ ಬರುತ್ತವೆ.